ಮೈಸೂರಿನ ಯೆಜ್ಡಿ, ಮದ್ರಾಸಿನ ಬುಲೆಟ್: ಎರಡು ಊರಿನ ದೊಡ್ಡ ಗಾಡಿಗಳ ಕಥೆ

ಹೋದ ದಸರಾ ರಜೆಗೆ ಚೆನ್ನೈನಿಂದ ಮೈಸೂರಿಗೆ ಬೈಕಲ್ಲೇ ಹೋಗಿದ್ದೆ. ಯಾದವಗಿರಿಯಲ್ಲಿರೋ ನಮ್ಮ ಸೋದರಮಾವನ ಮನೆ ಮುಂದೆ ನನ್ನ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ನಿಲ್ಲಿಸಿ ಹೆಲ್ಮೆಟ್ ತೆಗೀತಿದ್ದೆ. ಅಷ್ಟರಲ್ಲೇ ಮಾವ ಹೊರಗೆ ಬಂದು, ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟ್ಯಾಂಕ್ ಮೇಲೆ ಕೈ ಆಡಿಸಿ, ಕೊನೆಗೆ ಒಂದೇ ಮಾತು ಕೇಳಿದರು: "ಎಲ್ಲಾ ಚೆನ್ನಾಗಿದೆ ಕಣೋ. ಆದ್ರೆ ಮೈಸೂರಲ್ಲಿ ಹುಟ್ಟಿ ಮದ್ರಾಸ್ ಗಾಡಿ ತಗೊಂಡ್ಯಲ್ಲೋ?"

ಅವರ ಹಿಂದೆ, ಶೆಡ್ಡಿನಲ್ಲಿ ಹಳೇ ಬೆಡ್‌ಶೀಟ್ ಹೊದ್ದುಕೊಂಡು ಅವರ ಯೆಜ್ಡಿ ರೋಡ್‌ಕಿಂಗ್ ನಿಂತಿತ್ತು. ಮಂಡಿ ನೋವಿನಿಂದ ಮಾವನಿಗೆ ಈಗ ಕಿಕ್ ಹೊಡೆಯೋಕೆ ಆಗಲ್ಲ. "ನೀನು ತಗೊಂಡು ಹೋಗ್ತೀಯಾ, ಇಲ್ಲಾ ಯಾರಿಗಾದ್ರೂ ಕೊಟ್ಟುಬಿಡ್ಲಾ?" ಅಂತ ಅವತ್ತೇ ರಾತ್ರಿ ಊಟದ ಹೊತ್ತಲ್ಲಿ ಕೇಳಿದರು. ನಾನು ತಕ್ಷಣ ಉತ್ತರ ಕೊಡಲಿಲ್ಲ. ವಾಪಸ್ ಕೀಲ್ಪಾಕಿಗೆ ಬಂದ ಮೇಲೂ ಆ ಎರಡು ಪ್ರಶ್ನೆ ತಲೆಯಲ್ಲೇ ಇದ್ದವು. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಕ್ರೂಸರ್ ಅಂದ್ರೆ ಏನು ಅಂತ ನೋಡೋಣ. ತಗ್ಗಾದ ಸೀಟು, ಮುಂದಕ್ಕೆ ಚಾಚಿದ ಕಾಲು, ನೆಟ್ಟಗೆ ಕೂರೋ ಬೆನ್ನು, ಕಡಿಮೆ ಆರ್‌ಪಿಎಂನಲ್ಲೇ ಎಳೆಯೋ ಇಂಜಿನ್. ಉದ್ದುದ್ದ ನೇರ ರಸ್ತೆಗಳಿರೋ ಅಮೆರಿಕದಲ್ಲಿ ಹಾರ್ಲೆ-ಡೇವಿಡ್‌ಸನ್ ಮತ್ತು ಇಂಡಿಯನ್ ಕಂಪನಿಗಳು ಬೆಳೆಸಿದ ಶೈಲಿ ಇದು. ನಮ್ಮ ದೇಶದಲ್ಲಿ ಬಹಳ ವರ್ಷ ಆ ಹೆಸರಿನ ಗಾಡಿಯೇ ಇರಲಿಲ್ಲ. ಆದರೆ ಆ ಆಸೆ ಇತ್ತು. ಅದನ್ನ ತೀರಿಸಿದ್ದು ದಕ್ಷಿಣದ ಎರಡು ಊರು: ಮದ್ರಾಸು ಮತ್ತು ಮೈಸೂರು.

ಮದ್ರಾಸಿನ ಕಥೆ ಸೈನ್ಯದಿಂದ ಶುರುವಾಗುತ್ತೆ. ಇಂಗ್ಲೆಂಡಿನ ರೆಡ್ಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ತನ್ನ ಮೊದಲ ಮೋಟರ್‌ಸೈಕಲ್ ಮಾಡಿದ್ದು 1901ರಲ್ಲಿ. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರ ಗಡಿ ಕಾವಲಿಗೆ ಗಟ್ಟಿ ಗಾಡಿ ಹುಡುಕಿ, 350 ಸಿಸಿ ಬುಲೆಟ್ ಅನ್ನು ಆರಿಸಿತು. ಹಾಗೆ 1955ರಲ್ಲಿ ಮದ್ರಾಸ್ ಮೋಟರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಕಾರ್ಖಾನೆ ಬಂದಿದ್ದು ತಿರುವೊತ್ತಿಯೂರಿನಲ್ಲಿ, ಅಂದರೆ ನಮ್ಮ ಕೀಲ್ಪಾಕಿನಿಂದ ಈಶಾನ್ಯಕ್ಕೆ, ಸಮುದ್ರದ ಪಕ್ಕ. ಮೊದಲು ಬಿಡಿಭಾಗ ತರಿಸಿ ಜೋಡಿಸಿದರು, ಆಮೇಲೆ ಪೂರ್ತಿ ಗಾಡಿ ಇಲ್ಲೇ ಮಾಡಿದರು. ತಮಾಷೆ ಅಂದ್ರೆ, 1970ರ ಹೊತ್ತಿಗೆ ಇಂಗ್ಲೆಂಡಿನ ತಾಯಿ ಕಂಪನಿಯೇ ಮುಚ್ಚಿಹೋಯಿತು, ಮದ್ರಾಸಿನ ಮಗು ಉಳೀತು. 1977ರಲ್ಲಿ ಇಲ್ಲಿಂದ ಇಂಗ್ಲೆಂಡಿಗೇ ಬುಲೆಟ್ ರಫ್ತು ಶುರುವಾಯಿತು.

ಮೈಸೂರಿನ ಕಥೆ ಪ್ರಾಗ್‌ನಿಂದ ಬಂತು. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿನ್ಯಾಸ ಕೊಂಡು, ತನ್ನ ಹೆಸರಿನ 'ಜಾ' ಮತ್ತು ವಾಂಡರರ್‌ನ 'ವಾ' ಸೇರಿಸಿ ಜಾವಾ ಅಂತ ಇಟ್ಟರು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ನಮ್ಮಪ್ಪನ ತಲೆಮಾರಿನವರಿಗೆ ಮೈಸೂರು ಅಂದ್ರೆ ಅರಮನೆ, ಮಲ್ಲಿಗೆ, ಸ್ಯಾಂಡಲ್ ಸೋಪು ಮಾತ್ರ ಅಲ್ಲ, ಜಾವಾ ಫ್ಯಾಕ್ಟರಿಯ ಸೈರನ್ ಕೂಡ.

ಈಗ ಎರಡೂ ಗಾಡಿ ಅಕ್ಕಪಕ್ಕ ಇಡೋಣ. ಹಳೇ ಬುಲೆಟ್ ಫೋರ್ ಸ್ಟ್ರೋಕ್, 346 ಸಿಸಿ, ಸುಮಾರು 18 ಎಚ್‌ಪಿ. ಸಿಲಿಂಡರ್ ಅಗಲ 70 ಮಿ.ಮೀ., ಪಿಸ್ಟನ್ ಓಡಾಡೋ ದೂರ 90 ಮಿ.ಮೀ. ಅಗಲಕ್ಕಿಂತ ಉದ್ದ ಜಾಸ್ತಿ, ಆದ್ದರಿಂದ ನಿಧಾನ, ಆದರೆ ಕೆಳಗಿನ ಆರ್‌ಪಿಎಂನಲ್ಲೇ ಬಲ. ಆ 'ಡುಗ್ ಡುಗ್' ಸದ್ದಿನ ಮೂಲ ಇದೇ ಲೆಕ್ಕ. ರೋಡ್‌ಕಿಂಗ್ ಟೂ ಸ್ಟ್ರೋಕ್, 250 ಸಿಸಿ, 16 ಎಚ್‌ಪಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ವಾಲ್ವೇ ಇಲ್ಲ, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಪ್ರತಿ ಲೀಟರ್ ಇಂಜಿನ್ ಗಾತ್ರಕ್ಕೆ ಲೆಕ್ಕ ಹಾಕಿದರೆ ಬುಲೆಟ್ 52 ಎಚ್‌ಪಿ, ರೋಡ್‌ಕಿಂಗ್ 64. ಕಾಗದದ ಮೇಲೆ ಮೈಸೂರಿನವರೇ ಮುಂದೆ.

ಓಡಿಸೋ ರೀತಿಯೂ ಬೇರೆ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್. ಕಿಕ್ ಹೊಡೆದು ಸ್ಟಾರ್ಟ್ ಮಾಡಿ, ಅದೇ ಲಿವರನ್ನ ಮುಂದಕ್ಕೆ ಮಡಿಸಿದರೆ ಎಡಗಾಲಿಗೆ ಗೇರ್. ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಒಂದರಲ್ಲಿ ಕಲಿತವನು ಇನ್ನೊಂದು ಹತ್ತಿದರೆ ಬ್ರೇಕ್ ಅಂತ ಗೇರ್ ಒತ್ತೋದು ಗ್ಯಾರಂಟಿ. ಮಾವ ನಗ್ತಾ ಹೇಳ್ತಾರೆ: "ಅದಕ್ಕೇ ನಾನು ಬುಲೆಟ್ ಸಹವಾಸಕ್ಕೆ ಹೋಗ್ಲಿಲ್ಲ."

ಹಾಗಾದರೆ ಮೈಸೂರು ಯಾಕೆ ಸೋತಿತು? ಲೈಸೆನ್ಸ್ ರಾಜ್ ಕಾಲದಲ್ಲಿ ಎಷ್ಟು ಗಾಡಿ ಮಾಡಬೇಕು ಅನ್ನೋದಕ್ಕೂ ದೆಹಲಿಯ ಅನುಮತಿ ಬೇಕಿತ್ತು. ಪೈಪೋಟಿ ಕಡಿಮೆ, ಹಾಗಾಗಿ ವಿನ್ಯಾಸ ಬದಲಿಸೋ ಒತ್ತಡವೂ ಕಡಿಮೆ. 1980ರ ದಶಕದಲ್ಲಿ ಬಾಗಿಲು ತೆರೆದಾಗ ಜಪಾನಿನ 100 ಸಿಸಿ ಗಾಡಿಗಳು ಬಂದವು. 1984ರಲ್ಲಿ ನಮ್ಮ ಗಡಿಯ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಅವು ಹಗುರ, ಪೆಟ್ರೋಲ್ ಉಳಿತಾಯ, ಕಿಕ್ಕೂ ಸುಲಭ. ಜೊತೆಗೆ 1991ರಲ್ಲಿ ಹೊಗೆ ನಿಯಮ ಬಂತು, 1996ರಲ್ಲಿ ಬಿಗಿಯಾಯಿತು. ಆಯಿಲ್ ಸುಟ್ಟು ಓಡೋ ಹಳೇ ಟೂ ಸ್ಟ್ರೋಕಿಗೆ ಅದು ಕಷ್ಟದ ಪರೀಕ್ಷೆ. ಮಾರಾಟ ಕುಸಿದು, ಕಾರ್ಮಿಕ ಸಮಸ್ಯೆಗಳೂ ಸೇರಿ, 1996ರಲ್ಲಿ ಐಡಿಯಲ್ ಜಾವಾ ಬಾಗಿಲು ಮುಚ್ಚಿತು.

ಮದ್ರಾಸು ಏನೂ ಜಾಣತನದಿಂದ ಗೆದ್ದಿತು ಅಂತ ಅಲ್ಲ. ಅದೇ 80ರ ದಶಕದಲ್ಲಿ ಎನ್‌ಫೀಲ್ಡ್ ಕೂಡ ಜರ್ಮನಿಯ ಜುಂಡಾಪ್ ತಂತ್ರಜ್ಞಾನ ತಂದು, ರಾಣಿಪೇಟೆಯಲ್ಲಿ ಸಣ್ಣ ಗಾಡಿ ಮಾಡಿತ್ತು: ಸಿಲ್ವರ್ ಪ್ಲಸ್, ಎಕ್ಸ್‌ಪ್ಲೋರರ್, ಫ್ಯೂರಿ. ಊರಿಗೆ ಹೋಗುವಾಗ ವೆಲ್ಲೂರಿಗೆ ಮುಂಚೆ ಸಿಗುತ್ತಲ್ಲ, ಅದೇ ರಾಣಿಪೇಟೆ. ಅವು ನಿಲ್ಲಲಿಲ್ಲ. 1990ರಲ್ಲಿ ಐಷರ್ ಕಂಪನಿ ಪಾಲು ಕೊಂಡಿತು, 1994ರಲ್ಲಿ ಪೂರ್ತಿ ತೆಗೆದುಕೊಂಡಿತು. 2000ದ ಹೊತ್ತಿಗೆ ತಿಂಗಳಿಗೆ ಸುಮಾರು 2000 ಗಾಡಿ ಮಾತ್ರ ಮಾರಾಟ. ಮುಚ್ಚೋದಾ ಅನ್ನೋ ಚರ್ಚೆ ಐಷರ್ ಒಳಗೇ ನಡೀತು. ಆಗ ಇಪ್ಪತ್ತಾರರ ಸಿದ್ಧಾರ್ಥ ಲಾಲ್ ಜವಾಬ್ದಾರಿ ತಗೊಂಡರು. 2002ರಲ್ಲಿ ಥಂಡರ್‌ಬರ್ಡ್ ಬಂತು. ಕ್ರೂಸರ್ ಅನ್ನೋ ಪದ ಅದರಿಂದ, ಆಮೇಲೆ 2005ರ ಬಜಾಜ್ ಅವೆಂಜರ್‌ನಿಂದ ನಮ್ಮ ಬೀದಿಗೆ ಇಳೀತು.

ನನ್ನ ಪ್ರಕಾರ ವ್ಯತ್ಯಾಸ ಮೂರು. ಒಂದು, ಸೈನ್ಯ ಮತ್ತು ಪೊಲೀಸ್ ಬುಲೆಟ್ ಕೊಳ್ತಾನೇ ಇದ್ದರು. ಕೆಟ್ಟ ವರ್ಷಗಳಲ್ಲೂ ಒಂದು ಖಾಯಂ ಗಿರಾಕಿ. ಎರಡು, ಫೋರ್ ಸ್ಟ್ರೋಕ್ ಇಂಜಿನ್ ಹೊಗೆ ನಿಯಮದ ಜೊತೆ ಬದಲಾಗೋಕೆ ಸಾಧ್ಯವಿತ್ತು. ಮೂರನೆಯದು ಊರಿನದು. ಎನ್ನೂರಿನಲ್ಲಿ ಅಶೋಕ್ ಲೇಲ್ಯಾಂಡ್, ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್, ಪಾಡಿಯಲ್ಲಿ ಟಿವಿಎಸ್ ಬಳಗದ ಕಾರ್ಖಾನೆಗಳು. ಬೋಲ್ಟ್ ಮಾಡೋರು, ಎರಕ ಹೊಯ್ಯೋರು, ಅದರ ಕೆಲಸ ಗೊತ್ತಿರೋರು ಸುತ್ತಲೂ ಇದ್ದರು. ಮೈಸೂರಿನಲ್ಲಿ ಒಳ್ಳೇ ಕಾರ್ಖಾನೆ ಇತ್ತು, ಆದರೆ ಸುತ್ತ ಆ ಪ್ರಮಾಣದ ಬಳಗ ಇರಲಿಲ್ಲ. ಕೆಲಸ ಹುಡುಕಿಕೊಂಡು ಊರು ಬಿಟ್ಟ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಂಪನಿ ಹೋದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಇರುತ್ತಾ ಅನ್ನೋದೇ ಒಂದು ಊರಿನ ಶಕ್ತಿ.

ಇನ್ನು ಹಾರ್ಲೆ. 2007ರಲ್ಲಿ ಅಮೆರಿಕ ನಮ್ಮ ಮಾವಿನಹಣ್ಣನ್ನ ಒಳಗೆ ಬಿಟ್ಟುಕೊಂಡಿತು, ನಾವು ಹಾರ್ಲೆಗೆ ದಾರಿ ಬಿಟ್ಟೆವು. ಆದರೆ ಆಮದು ಸುಂಕ, ಬೆಲೆ, ತೂಕ ಎಲ್ಲ ಸೇರಿ ಗಿರಾಕಿಗಳು ಕಡಿಮೆ. 2020ರಲ್ಲಿ ಹಾರ್ಲೆ ಇಲ್ಲಿನ ತಯಾರಿಕೆ ನಿಲ್ಲಿಸಿ, ಹೀರೋ ಕೈಹಿಡಿದು 2023ರಲ್ಲಿ ಎಕ್ಸ್440 ತಂದಿತು: ಒಂದೇ ಸಿಲಿಂಡರ್, 440 ಸಿಸಿ, 27 ಎಚ್‌ಪಿ. ಅಮೆರಿಕದ ಕ್ರೂಸರ್ ಕಂಪನಿಯೇ ನಮ್ಮ ಅಳತೆಗೆ ಇಳಿದು ಬಂತು.

ಅದೇ ವರ್ಷ ಜನವರಿಯಲ್ಲಿ ಸೂಪರ್ ಮೀಟಿಯರ್ ಬಂತು. ಚೆನ್ನೈನ ಕಂಪನಿ ಮೇಲಕ್ಕೆ ಹತ್ತಿತ್ತು. 1950ರ ದಶಕದ ಇಂಗ್ಲಿಷ್ ಗಾಡಿಯ ಹೆಸರೇ ಇದಕ್ಕೂ ಇಟ್ಟರು. 648 ಸಿಸಿ, ಎರಡು ಸಿಲಿಂಡರ್, 47 ಎಚ್‌ಪಿ, 241 ಕೆ.ಜಿ. ಒಂದು ವಿಷಯ ಗಮನಿಸಿ: ಇದರ ಸಿಲಿಂಡರ್ 78 ಮಿ.ಮೀ. ಅಗಲ, ಪಿಸ್ಟನ್ ದೂರ 67.8 ಮಿ.ಮೀ. ಹಳೇ ಬುಲೆಟ್‌ಗೆ ತದ್ವಿರುದ್ಧ. ಹೆಸರು ಹಳೇದು, ಒಳಗಿನ ಲೆಕ್ಕ ಪೂರ್ತಿ ಹೊಸದು. ಲೀಟರಿಗೆ 72 ಎಚ್‌ಪಿ ದಾಟುತ್ತೆ.

ಕೀಲ್ಪಾಕಿನಲ್ಲಿ ಇಷ್ಟು ದೊಡ್ಡ ಗಾಡಿ ಇಟ್ಟುಕೊಳ್ಳೋದು ಸುಲಭ ಅಲ್ಲ. ಮೇ ತಿಂಗಳ ಮಧ್ಯಾಹ್ನ ಪುರಸವಾಕ್ಕಂ ಸಿಗ್ನಲ್‌ನಲ್ಲಿ ಯಾವ ದೊಡ್ಡ ಇಂಜಿನ್ ಆದರೂ ಒಲೆ ಇದ್ದ ಹಾಗೆ. ಆದರೆ ಬೆಳಗಿನ ಜಾವ ಐದು ಗಂಟೆಗೆ ಪೂನಮಲ್ಲಿ ಹೈರೋಡಿಗೆ ಇಳಿದರೆ, ಅದೇ ರಸ್ತೆ ನೆಟ್ಟಗೆ ಶ್ರೀಪೆರಂಬದೂರು, ವೆಲ್ಲೂರು, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರಿಗೆ ಕರ್ಕೊಂಡು ಹೋಗುತ್ತೆ. ಸುಮಾರು 350 ಕಿ.ಮೀ. ಅಷ್ಟು ದೂರ ಊರಿನ ಕಡೆ ಮುಖ ಮಾಡಿ ಓಡಿಸುವಾಗ ಕ್ರೂಸರ್ ಯಾಕೆ ಬೇಕು ಅನ್ನೋದು ಬೆನ್ನಿಗೇ ಗೊತ್ತಾಗುತ್ತೆ.

ಸರ್ಕಾರದ ಗೆರೆ ಇವತ್ತೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಮೇಲಿನದಕ್ಕೆ ಶೇ. 40. ಅಂದು ಲೈಸೆನ್ಸ್, ಇಂದು ತೆರಿಗೆ. ನಾವು ಯಾವ ಗಾಡಿ ಓಡಿಸ್ತೀವಿ ಅನ್ನೋದನ್ನ ಅರ್ಧ ತೀರ್ಮಾನ ಮಾಡೋದು ದೆಹಲಿಯೇ.

ಈಗ ಮಾವನ ಎರಡನೇ ಪ್ರಶ್ನೆ. ರೋಡ್‌ಕಿಂಗನ್ನ ಚೆನ್ನೈಗೆ ತರಬಹುದಾ? ಒಂದು ವರ್ಷಕ್ಕಿಂತ ಹೆಚ್ಚು ಇಟ್ಟರೆ ಎನ್‌ಒಸಿ ತಂದು ತಮಿಳುನಾಡು ನಂಬರ್ ಹಾಕಿಸಬೇಕು. ಮೈಸೂರು ಗಾಡಿಯ ಮೈಸೂರು ನಂಬರೇ ಹೋಗುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ನನಗೆ ಇಲ್ಲಿ ಅದರ ಕಾರ್ಬ್ಯುರೇಟರ್ ಕಿವಿಯಲ್ಲೇ ಕೇಳಿ ಸರಿ ಮಾಡೋ ಮೆಕ್ಯಾನಿಕ್ ಗೊತ್ತಿಲ್ಲ. ಮೈಸೂರಿನಲ್ಲಿ ಮಾವನ ಮನೆಯಿಂದ ನಡೆದು ಹೋಗೋ ದೂರದಲ್ಲೇ ಇದ್ದಾರೆ. ಕಾರ್ಖಾನೆ ಮುಚ್ಚಿ ಸುಮಾರು 30 ವರ್ಷ ಆದರೂ ಆ ಕೈಕೆಲಸ ಊರು ಬಿಟ್ಟು ಹೋಗಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು, ಆದರೆ ಅವು ತಯಾರಾಗೋದು ಮೈಸೂರಿನಲ್ಲಲ್ಲ. ಮೈಸೂರಿನಲ್ಲಿ ಉಳಿದಿರೋದು ಆ ಮೆಕ್ಯಾನಿಕ್‌ಗಳು ಮತ್ತು ಮಾವನಂಥ ಮಾಲೀಕರು.

ಹಾಗಾಗಿ ಫೋನ್ ಮಾಡಿ ಹೇಳಿದೆ: "ಮಾವ, ಗಾಡಿ ಕೊಡಬೇಡಿ, ಅಲ್ಲೇ ಇರಲಿ. ಆರ್‌ಸಿ ನನ್ನ ಹೆಸರಿಗೆ ಮಾಡಿಸೋಣ, ಮೆಕ್ಯಾನಿಕ್ ಖರ್ಚು ನಂದು. ಬಂದಾಗೆಲ್ಲ ನಾನೇ ಕಿಕ್ ಹೊಡೀತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿಕ್ ಹೊಡೆಯೋಕೆ ಮುಂಚೆ ಪೆಟ್ರೋಲ್ ಕಾಕ್ ತಿರುಗಿಸೋದು ಮರೀಬೇಡ" ಅಂದರು. ಅಂದ್ರೆ ಒಪ್ಪಿದರು ಅಂತ ಅರ್ಥ.

ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅವತ್ತು ಮದ್ರಾಸ್ ಗಾಡಿಯಲ್ಲಿ ಮೈಸೂರಿಗೆ ಹೋಗಿ, ಮೈಸೂರು ಗಾಡಿಯಲ್ಲಿ ಮಾವನನ್ನ ಹಿಂದೆ ಕೂರಿಸ್ಕೊಂಡು ಒಂದು ಸುತ್ತು ಹೋಗೋ ಪ್ಲಾನ್ ಇದೆ. ನಿಮ್ಮ ಮನೆಯ ಶೆಡ್ಡಿನಲ್ಲೂ ಹೊದಿಕೆ ಹೊದ್ದ ಗಾಡಿ ಇದ್ದರೆ, ಮಾರೋ ಮುಂಚೆ ಅದನ್ನ ಓಡಿಸಿದವರ ಹತ್ತಿರ ಒಂದು ಸಂಜೆ ಕೂತು ಮಾತಾಡಿ.