ರಕ್ಷಿಸಿದ ಅಂಜುಬುರುಕ ನಾಯಿಗೆ ಮನೆ ಹುಡುಕುವುದು ಮತ್ತು ದತ್ತು ಪಡೆಯುವುದು: ಸಾರ್ವಜನಿಕರಿಗೆ ಮಾಹಿತಿ

ಬೀದಿಯಲ್ಲಿ ಗಾಯಗೊಂಡ ಅಥವಾ ಮಾಲೀಕರು ತ್ಯಜಿಸಿಹೋದ ನಾಯಿಯನ್ನು ರಕ್ಷಿಸಿ, ಅದನ್ನು ಕಾಯಂ ಆಗಿ ಸಾಕುವ ಕುಟುಂಬಕ್ಕೆ ಒಪ್ಪಿಸಲು ಬಯಸುವವರ ಹಾಗೂ ಅಂತಹ ನಾಯಿಯನ್ನು ದತ್ತು ಪಡೆಯಲಿಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅಂಜಿಕೆಯ ಸ್ವಭಾವದ ಜೊತೆಗೆ ಅಧಿಕ ಚಟುವಟಿಕೆಯೂ ಇರುವ ನಾಯಿಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಜನರೊಡನೆ ಬೆರೆಯುವ ನಾಯಿಗೆ ಮನೆ ಬೇಗ ದೊರೆಯುತ್ತದೆ. ಅಂಜುವ ವಯಸ್ಸಾದ ನಾಯಿಗೂ ಶಾಂತವಾದ ಒಂದು ಮೂಲೆ ಸಾಕಾಗುತ್ತದೆ. ಅಂಜಿಕೆ ಮತ್ತು ಓಟದ ಹಂಬಲ ಎರಡೂ ಇರುವ ನಾಯಿ ಮಾತ್ರ ಮನೆಯಿಂದ ಮನೆಗೆ ಹೋಗಿ ಹಿಂದಿರುಗಿ ಬರುವ ಸಂಭವ ಹೆಚ್ಚು. ಅದರ ಚಟುವಟಿಕೆ ತಣಿಯಲು ಹೊರಗೆ ಕರೆದೊಯ್ಯಬೇಕು, ಆದರೆ ಹೊರಗೆ ಹೋದರೆ ಅದು ಹೆದರುತ್ತದೆ, ಹೆದರಿದರೆ ಓಡಿಹೋಗುತ್ತದೆ. ಮನೆಯೊಳಗೇ ಇಟ್ಟರೆ ಬಾಗಿಲು, ಚಪ್ಪಲಿ, ಹಾಸಿಗೆಗಳನ್ನು ಕಡಿದು ಹಾಳುಮಾಡುತ್ತದೆ. ಆದುದರಿಂದ ಇಂತಹ ನಾಯಿಗೆ ಮನೆ ಆರಿಸುವಾಗ ಅರ್ಜಿದಾರರ ಪ್ರೀತಿಗಿಂತ ಮೊದಲು ಮನೆಯ ಸ್ಥಳ, ಸದ್ದು ಮತ್ತು ದಿನಚರಿಯನ್ನು ಪರಿಶೀಲಿಸತಕ್ಕದ್ದು.

ನಾಯಿಗೆ ಮನೆಯ ಅಗತ್ಯವಿದೆಯೇ?

ಮನುಷ್ಯರಿಗೆ ಹೆದರುವ ಎಲ್ಲಾ ಬೀದಿನಾಯಿಗಳಿಗೂ ಮನೆ ಬೇಕಾಗಿರುವುದಿಲ್ಲ. ಒಂದು ಕಿವಿಯ ತುದಿಯನ್ನು ಕತ್ತರಿಸಿದ ಗುರುತಿದ್ದಲ್ಲಿ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ರೇಬಿಸ್ ಲಸಿಕೆ ಆಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಅಂತಹ ನಾಯಿಗಳನ್ನು ಹಿಡಿದ ಪ್ರದೇಶದಲ್ಲಿಯೇ ಮರಳಿ ಬಿಡುವುದು ಸಾಮಾನ್ಯ ಕ್ರಮ. ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣ ಮುಂತಾದ ಸ್ಥಳಗಳ ನಾಯಿಗಳ ಬಗ್ಗೆ ಮಾತ್ರ ಸರ್ವೋಚ್ಚ ನ್ಯಾಯಾಲಯವು ನವೆಂಬರ್ 2025ರಲ್ಲಿ ಪ್ರತ್ಯೇಕ ಆದೇಶ ನೀಡಿದೆ. ತನ್ನ ಬೀದಿಯಲ್ಲಿ ಆರೋಗ್ಯವಾಗಿ, ಯಾರಿಗೂ ತೊಂದರೆ ನೀಡದೆ ಬದುಕಿರುವ ಪ್ರಾಯದ ನಾಯಿಯನ್ನು ಕನಿಕರದಿಂದ ಮನೆಯೊಳಗೆ ಕೂಡಿಹಾಕಿದರೆ ಅದಕ್ಕೆ ಉಪಕಾರವಾಗದಿರಬಹುದು. ಮನೆಯಲ್ಲಿ ಬೆಳೆದು ತ್ಯಜಿಸಲ್ಪಟ್ಟ ನಾಯಿ, ಅಂಗವಿಕಲ ನಾಯಿ ಹಾಗೂ ತಾಯಿಯಿಲ್ಲದ ಮರಿಗಳಿಗೆ ಮನೆಯ ಅಗತ್ಯ ನಿಜವಾಗಿಯೂ ಇರುತ್ತದೆ.

ಅಂಜಿಕೆಯ ಕಾರಣ

ಅಂಜುವ ನಾಯಿಯನ್ನು ಯಾರೋ ಹೊಡೆದಿರಬೇಕೆಂದು ಜನರು ಭಾವಿಸುವುದುಂಟು. ಹಲವು ಸಂದರ್ಭಗಳಲ್ಲಿ ಕಾರಣ ಬೇರೆಯಾಗಿರುತ್ತದೆ. ಮರಿಯು ಸುಮಾರು 3ನೇ ವಾರದಿಂದ 14ನೇ ವಾರದವರೆಗೆ ಕಂಡ ಮನುಷ್ಯರು, ಸದ್ದುಗಳು ಮತ್ತು ವಸ್ತುಗಳನ್ನು ಸಹಜವೆಂದು ಸ್ವೀಕರಿಸುತ್ತದೆ. ಆ ಅವಧಿಯನ್ನು ತೋಟದ ಶೆಡ್ಡಿನಲ್ಲಿ ಅಥವಾ ಕಟ್ಟಡ ಕಾಮಗಾರಿಯ ಮೂಲೆಯಲ್ಲಿ ಕಳೆದ ಮರಿಗೆ ಮಿಕ್ಸರ್, ಕುಕ್ಕರಿನ ಶಿಳ್ಳೆ, ಹೆಲ್ಮೆಟ್ ಧರಿಸಿದ ವ್ಯಕ್ತಿ ಇವೆಲ್ಲವೂ ಮುಂದೆ ಅಪಾಯವಾಗಿ ತೋರುತ್ತವೆ. ತಳಿಯ ಗುಣವೂ ಸೇರಿರಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ನಾಯಿ ಇದಕ್ಕೆ ಉತ್ತಮ ಉದಾಹರಣೆ. 2005ರಲ್ಲಿ ಅಂಚೆ ಚೀಟಿಯ ಗೌರವ ಪಡೆದ ಈ ತಳಿ ಬಯಲಿನಲ್ಲಿ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟಲು ರೂಪುಗೊಂಡದ್ದು. ಅಪರಿಚಿತರು ಮುಟ್ಟುವುದನ್ನು ಅದು ಸಹಜವಾಗಿಯೇ ಇಷ್ಟಪಡುವುದಿಲ್ಲ. ಹೊಲದ ಕಾವಲಿಗೆಂದು ಅಥವಾ ಅಂದಕ್ಕೆಂದು ತಂದು, ಓಡಿಸಲು ಸ್ಥಳವಿಲ್ಲದೆ ಬಿಟ್ಟುಬಿಟ್ಟ ಮುಧೋಳ ಮತ್ತು ಮಿಶ್ರತಳಿಯ ನಾಯಿಗಳಲ್ಲಿ ಮೇಲೆ ತಿಳಿಸಿದ ಎರಡು ಗುಣಗಳೂ ಒಟ್ಟಿಗೆ ಕಂಡುಬರುತ್ತವೆ.

ಬಾಲವನ್ನು ಕಾಲುಗಳ ನಡುವೆ ಸೇರಿಸುವುದು, ಕಿವಿಗಳನ್ನು ಹಿಂದಕ್ಕೆ ಮಡಚುವುದು, ತುಟಿ ನೆಕ್ಕುವುದು, ನಿದ್ರೆಯಿಲ್ಲದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ನೋಡುವುದು ಮತ್ತು ಸ್ತಬ್ಧವಾಗಿ ನಿಲ್ಲುವುದು ಭಯದ ಚಿಹ್ನೆಗಳು. ಸ್ತಬ್ಧವಾಗಿ ನಿಂತ ನಾಯಿಯನ್ನು "ಸಾಧು" ಎಂದು ತಿಳಿದು ಮಕ್ಕಳನ್ನು ಹತ್ತಿರ ಬಿಡುವುದು ಅಪಾಯಕರ.

ನಾಯಿಯ ವಿವರ ಬರೆಯುವ ಬಗೆ

ಮನೆ ಹುಡುಕುವವರು ನೀಡುವ ಪ್ರಕಟಣೆಯಲ್ಲಿ "ಮುದ್ದಾದ ನಾಯಿ, ಪ್ರೀತಿಯ ಮನೆ ಬೇಕಾಗಿದೆ" ಎಂಬಷ್ಟೇ ಬರೆದಲ್ಲಿ ಕರೆಗಳು ಬಹಳ ಬರುತ್ತವೆ, ತಕ್ಕ ಮನೆ ಸಿಗುವುದಿಲ್ಲ. ಸತ್ಯವಾದ ವಿವರ ನೀಡುವುದು ನಾಯಿಗೂ ಅರ್ಜಿದಾರರಿಗೂ ಹಿತಕರ. ಮಾದರಿಗಾಗಿ: "ಸುಮಾರು 2 ವರ್ಷದ ಹೆಣ್ಣುನಾಯಿ, ಮುಧೋಳ ಮಿಶ್ರತಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆಗಿದೆ. ಅಪರಿಚಿತರು ಬಂದರೆ ಮಂಚದ ಕೆಳಗೆ ಸೇರುತ್ತದೆ, ಹಲ್ಲು ತೋರಿಸಿಲ್ಲ. ಬೆಳಿಗ್ಗೆ ಚೆನ್ನಾಗಿ ಓಡದಿದ್ದರೆ ಮಧ್ಯಾಹ್ನ ಬಾಗಿಲ ಚೌಕಟ್ಟು ಕಡಿಯುತ್ತದೆ. ಬೇರೆ ನಾಯಿಗಳೊಡನೆ ಸಂತೋಷದಿಂದ ಇರುತ್ತದೆ. ಬೆಕ್ಕು, ಕೋಳಿ ಇರುವ ಮನೆಗೆ ತಕ್ಕುದಲ್ಲ." ಇಂತಹ ಪ್ರಕಟಣೆಗೆ ಎರಡೇ ಕರೆಗಳು ಬಂದರೂ ಅವು ವಿಚಾರಿಸಲು ಯೋಗ್ಯವಾದ ಕರೆಗಳಾಗಿರುತ್ತವೆ. ನಾಯಿಯು ಹಿಂದೆ ಕಚ್ಚಿದ್ದಲ್ಲಿ ಆ ಸಂಗತಿಯನ್ನು ಯಾವ ಕಾರಣಕ್ಕೂ ಮುಚ್ಚಿಡಬಾರದು.

ತಕ್ಕ ಮನೆಯನ್ನು ಆರಿಸುವುದು

ದತ್ತು ನೀಡುವ ಕಾರ್ಯವನ್ನು ಸಾಮಾನ್ಯವಾಗಿ ಪ್ರಾಣಿ ಕಲ್ಯಾಣ ಸಂಸ್ಥೆಗಳು, ಜಿಲ್ಲಾ ಪ್ರಾಣಿದಯಾ ಸಂಘಗಳು ಹಾಗೂ ನಾಯಿಯನ್ನು ತಾತ್ಕಾಲಿಕವಾಗಿ ಸಾಕುತ್ತಿರುವ ವ್ಯಕ್ತಿಗಳು ನಡೆಸುತ್ತಾರೆ. ಬೀದಿನಾಯಿ ಮತ್ತು ಮರಿಗಳ ದತ್ತಿಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2022ರಲ್ಲಿ ಮಾದರಿ ಕ್ರಮವನ್ನು ಪ್ರಕಟಿಸಿದೆ. ಅರ್ಜಿದಾರರು ಗುರುತಿನ ಹಾಗೂ ವಿಳಾಸದ ದಾಖಲೆ ಒದಗಿಸಲು ಮತ್ತು ಮನೆ ಪರಿಶೀಲನೆಗೆ ಒಪ್ಪಲು ಸಿದ್ಧರಿರಬೇಕು. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಲೇಸು. ವಸತಿ ಸಮುಚ್ಚಯಗಳ ಸಂಘಗಳು ಸಾಕುನಾಯಿಗಳನ್ನು ಸಂಪೂರ್ಣವಾಗಿ ನಿಷೇಧಿಸುವಂತಿಲ್ಲವೆಂದು ಮಂಡಳಿಯು 2015ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದರೂ ಲಿಫ್ಟಿನ ಇಕ್ಕಟ್ಟಿನಲ್ಲಿ ಅಪರಿಚಿತರೊಡನೆ ದಿನಕ್ಕೆ ನಾಲ್ಕು ಬಾರಿ ನಿಲ್ಲುವುದು ಅಂಜುಬುರುಕ ನಾಯಿಗೆ ಸುಲಭವಲ್ಲ ಎಂಬುದನ್ನು ಎತ್ತರದ ಮಹಡಿಗಳ ಅರ್ಜಿದಾರರು ಗಮನಿಸತಕ್ಕದ್ದು.

ಹೆದ್ದಾರಿ, ಕಲ್ಯಾಣ ಮಂಟಪ ಅಥವಾ ಮೆರವಣಿಗೆ ಸಾಗುವ ಬೀದಿಗೆ ತಾಗಿದ ಮನೆ, ತಗ್ಗಿನ ಕಾಂಪೌಂಡ್ ಗೋಡೆ, ದಿನವಿಡೀ ತೆರೆದಿರುವ ಗೇಟು, ಚಿಕ್ಕ ಮಕ್ಕಳ ಓಡಾಟ ಇವು ಪ್ರತಿಕೂಲ ಅಂಶಗಳು. ಹಗ್ಗವನ್ನು ಜಗ್ಗುವ ಬಲಿಷ್ಠ ನಾಯಿಯನ್ನು ವೃದ್ಧರು ಮಾತ್ರವಿರುವ ಮನೆಗೆ ನೀಡಬಾರದು. ಮನೆಯಲ್ಲಿ ಈಗಾಗಲೇ ಧೈರ್ಯವಂತ, ಸ್ನೇಹಪರ ನಾಯಿಯೊಂದಿದ್ದರೆ ಅದು ಬಹು ದೊಡ್ಡ ಅನುಕೂಲ. ಹೊಸ ನಾಯಿಯು ಮನುಷ್ಯರಿಂದ ಕಲಿಯುವುದಕ್ಕಿಂತ ಬೇಗ ಅದರಿಂದ ಕಲಿಯುತ್ತದೆ. ಅರ್ಜಿ ನಿರಾಕರಿಸಲ್ಪಟ್ಟಲ್ಲಿ ಅದನ್ನು ಅರ್ಜಿದಾರರ ಯೋಗ್ಯತೆಯ ಮೇಲಿನ ತೀರ್ಪೆಂದು ಭಾವಿಸಬಾರದಾಗಿ ಕೋರಲಾಗಿದೆ. ಬೇರೆ ಸ್ವಭಾವದ ನಾಯಿಗೆ ಅದೇ ಮನೆ ಅತ್ಯುತ್ತಮವಾಗಿರಬಹುದು.

ಮೊದಲ ಮೂರು ತಿಂಗಳು

ಹೊಸ ಮನೆಯ ದಿಗ್ಭ್ರಮೆ ಇಳಿಯಲು 3 ದಿನ, ದಿನಚರಿ ತಿಳಿಯಲು 3 ವಾರ, ಮನೆ ತನ್ನದೆನಿಸಲು 3 ತಿಂಗಳು ಎಂಬ ಲೆಕ್ಕ ಆಶ್ರಯಧಾಮಗಳಲ್ಲಿ ರೂಢಿಯಲ್ಲಿದೆ. ಇದು ಅಂದಾಜು ಮಾತ್ರ. ಅಂಜುವ ನಾಯಿಗೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಆರಂಭದ ದಿನಗಳಲ್ಲಿ ಒಂದು ಶಾಂತ ಕೋಣೆ ಹಾಗೂ ಅವಿತುಕೊಳ್ಳಲು ಸ್ಥಳ ಒದಗಿಸಿ, ಅಲ್ಲಿಂದ ಎಳೆದು ಹೊರತರದೆ ಬಿಡತಕ್ಕದ್ದು. ನೆಂಟರಿಷ್ಟರನ್ನು ಕರೆದು ತೋರಿಸುವುದನ್ನು ಮುಂದೂಡುವುದು. ನೋಡುತ್ತ ಕೂರದೆ, ಹತ್ತಿರದಲ್ಲಿ ನೆಲದ ಮೇಲೆ ಕುಳಿತು ಪತ್ರಿಕೆ ಓದುತ್ತ, ಆಗಾಗ ಒಂದು ಚೂರು ತಿನಿಸು ಹಾಕುವುದರಿಂದ ಹೆಚ್ಚಿನ ಪ್ರಯೋಜನವಾಗುತ್ತದೆ.

ಈ ದಿನಗಳಲ್ಲಿ ಓಟದ ಹಂಬಲವನ್ನು ಬೀದಿಯಲ್ಲಿ ತಣಿಸಲು ಯತ್ನಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು. ಸುಸ್ತಾಗಲೆಂದು ಜನಸಂದಣಿಯ ಉದ್ಯಾನಕ್ಕೆ ಕರೆದೊಯ್ದ ನಾಯಿ ಸುಸ್ತಾಗುವುದರ ಬದಲು ಮತ್ತಷ್ಟು ಉದ್ವಿಗ್ನವಾಗುತ್ತದೆ. ಆರಂಭದಲ್ಲಿ ಮನೆಯೊಳಗೇ ಅದಕ್ಕೆ ಕೆಲಸ ಕೊಡಬಹುದು: ಊಟದ ಒಂದು ಭಾಗವನ್ನು ತಾರಸಿಯಲ್ಲಿ ಚೆಲ್ಲಿ ಮೂಸಿ ಹುಡುಕಲು ಬಿಡುವುದು, ರೊಟ್ಟಿಯ ತುಂಡನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಡುವುದು. ತಾರಸಿಯ ಗೋಡೆ ಎತ್ತರವಿರಬೇಕು. ಹುಡುಕಾಟವು ಅಂಜಿಕೆಯನ್ನೂ ಇಳಿಸುತ್ತದೆ, ಶಕ್ತಿಯನ್ನೂ ವ್ಯಯಿಸುತ್ತದೆ. ನಂತರ ನಸುಕಿನಲ್ಲಿ, ಒಂದೇ ದಾರಿಯಲ್ಲಿ ನಡಿಗೆ. ನಾಯಿಯು ಹಿಂದಿರುಗಲು ಬಯಸಿದಾಗ ಹಿಂದಿರುಗುವುದು. ಓಟಕ್ಕೆ ನಾಲ್ಕೂ ಕಡೆ ಬೇಲಿಯಿರುವ ಜಾಗವನ್ನು ಮಾತ್ರ ಬಳಸತಕ್ಕದ್ದು.

ಕೊರಳಪಟ್ಟಿಯೊಂದರಿಂದಲೇ ಹೊರಗೆ ಕರೆದೊಯ್ಯಬಾರದು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದಾಗ ತಲೆ ಸುಲಭವಾಗಿ ಕಳಚಿಕೊಳ್ಳುತ್ತದೆ. ಮುಧೋಳದಂತಹ ಸಪೂರ ತಲೆಯ ನಾಯಿಗಳಲ್ಲಿ ಇದು ಇನ್ನೂ ಸುಲಭ. ಕೊರಳಪಟ್ಟಿ ಮತ್ತು ಎದೆಪಟ್ಟಿ ಎರಡಕ್ಕೂ ಹಗ್ಗ ಜೋಡಿಸಬೇಕು. ದೂರವಾಣಿ ಸಂಖ್ಯೆಯ ಬಿಲ್ಲೆಯನ್ನು ಮೊದಲ ದಿನದಿಂದಲೇ ತೊಡಿಸತಕ್ಕದ್ದು. ಸಾಧ್ಯವಿದ್ದಲ್ಲಿ 15 ಅಂಕಿಗಳ ಮೈಕ್ರೋಚಿಪ್ ಅಳವಡಿಸಿ, ಅದರ ಸಂಖ್ಯೆಯನ್ನು ಹೊಸ ಮಾಲೀಕರ ಹೆಸರಿಗೆ ನೋಂದಾಯಿಸುವುದು.

ನಾಯಿ ತಪ್ಪಿಸಿಕೊಂಡಲ್ಲಿ ಬೆನ್ನಟ್ಟಬಾರದು, ಗುಂಪು ಕಟ್ಟಿಕೊಂಡು ಹುಡುಕಬಾರದು. ಹೆದರಿದ ನಾಯಿಯು ಆ ಹೊತ್ತಿನಲ್ಲಿ ಹೆಸರು ಹಿಡಿದು ಕರೆದರೂ ಬರುವುದಿಲ್ಲ. ತಪ್ಪಿಸಿಕೊಂಡ ಸ್ಥಳದಲ್ಲಿ ಅದರ ಹಾಸು ಮತ್ತು ಆಹಾರವನ್ನಿಟ್ಟು, ಸದ್ದಡಗಿದ ರಾತ್ರಿ ಹಾಗೂ ನಸುಕಿನಲ್ಲಿ ಒಬ್ಬರೇ ಕುಳಿತು ಕಾಯಬೇಕು. ನಾಯಿಯನ್ನು ಮೊದಲು ಸಾಕುತ್ತಿದ್ದವರಿಗೆ ಕೂಡಲೇ ತಿಳಿಸತಕ್ಕದ್ದು, ಏಕೆಂದರೆ ನಾಯಿ ನಂಬುವುದು ಇನ್ನೂ ಅವರ ದನಿಯನ್ನೇ.

ದೀಪಾವಳಿ

ದತ್ತು ಪಡೆಯುವ ದಿನಾಂಕವನ್ನು ದೀಪಾವಳಿಗೆ ಹತ್ತಿರ ಇಟ್ಟುಕೊಳ್ಳಬಾರದು. ಪಟಾಕಿ ಸಿಡಿಸುವ ಅವಧಿಯನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ರಾತ್ರಿ 8ರಿಂದ 10 ಗಂಟೆಗೆ ಸೀಮಿತಗೊಳಿಸಿದ್ದರೂ ಸದ್ದು ಅಷ್ಟಕ್ಕೇ ನಿಲ್ಲುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಈಗಾಗಲೇ ನಾಯಿಯಿರುವವರು ಹಬ್ಬಕ್ಕೆ ಕೆಲವು ವಾರ ಮೊದಲೇ ಪಶುವೈದ್ಯರನ್ನು ಕಾಣುವುದು ಸೂಕ್ತ. ಭಯ ತಗ್ಗಿಸುವ ಔಷಧಗಳು ಲಭ್ಯವಿವೆ. ಮನುಷ್ಯರ ನಿದ್ರೆ ಮಾತ್ರೆಗಳನ್ನು ಕೊಡಕೂಡದು.

ಲಸಿಕೆ, ಕಡಿತ ಮತ್ತು ಕಾನೂನು

ರೇಬಿಸ್ ಲಸಿಕೆಯನ್ನು 3 ತಿಂಗಳ ವಯಸ್ಸಿನಿಂದ ಹಾಕಿಸಬಹುದು. ಮುಂದಿನ ಲಸಿಕೆಗಳನ್ನು ಪಶುವೈದ್ಯರು ಸೂಚಿಸಿದ ದಿನಾಂಕಗಳಲ್ಲಿ ತಪ್ಪದೆ ಹಾಕಿಸಿ, ಲಸಿಕಾ ಪುಸ್ತಕವನ್ನು ಕಾಪಾಡಿಕೊಳ್ಳತಕ್ಕದ್ದು. ನಾಯಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ನಾಯಿಗೆ ಲಸಿಕೆಯಾಗಿದ್ದರೂ ವಿಳಂಬ ಮಾಡದೆ ಆಸ್ಪತ್ರೆಗೆ ಹೋಗುವುದು.

ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಈಡಾಗುವಂತೆ ತ್ಯಜಿಸುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದಂತೆ ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದಿರುವುದೂ ಅದೇ ಪ್ರಕರಣದಲ್ಲಿ ಸೇರಿದೆ. ಈ ಅಂಶ ಹಲವರಿಗೆ ತಿಳಿದಿಲ್ಲ.

ಹೊಂದಾಣಿಕೆ ಸಾಧ್ಯವಾಗದಿದ್ದಲ್ಲಿ ನಾಯಿಯನ್ನು ಬೇರೊಬ್ಬರಿಗೆ ದಾಟಿಸದೆ, ದತ್ತು ನೀಡಿದವರಿಗೇ ಹಿಂದಿರುಗಿಸತಕ್ಕದ್ದು. ಈ ಷರತ್ತನ್ನು ದತ್ತು ಪತ್ರದಲ್ಲಿ ಬರೆದು ಉಭಯತರೂ ಸಹಿ ಮಾಡಿ, ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳುವುದು. ಹಿಂದಿರುಗಿಸುವಾಗ ನಾಯಿ ಏನು ತಿನ್ನುತ್ತಿತ್ತು, ಯಾವುದಕ್ಕೆ ಹೆದರಿತು, ಯಾರ ಬಳಿ ಮಲಗುತ್ತಿತ್ತು ಎಂಬುದನ್ನು ಬರೆದುಕೊಟ್ಟಲ್ಲಿ ಅದರ ಮುಂದಿನ ಮನೆಯನ್ನು ಆರಿಸಲು ಅನುಕೂಲವಾಗುತ್ತದೆ.