ಮಾಚಿಕಬ್ಬೆಯ ನಿರ್ಧಾರ: ಹೊಯ್ಸಳ ಶಾಸನಗಳು ಮತ್ತು ಹೆಣ್ಣಿನ ಒಡಲಿನ ಹಕ್ಕು

ಅರಸೀಕೆರೆಯಿಂದ ಹಳೇಬೀಡಿನ ಮೂಲಕ ಬೇಲೂರಿಗೆ ಹೋಗುವವರಿಗೆ ಹೊಯ್ಸಳ ಕಾಲದ ಹೆಣ್ಣು ಮೊದಲು ಕಾಣುವುದು ಶಿಲ್ಪದಲ್ಲಿ. ಬೇಲೂರಿನ ಮದನಿಕೆಯರು ಕನ್ನಡಿ ಹಿಡಿದಿದ್ದಾರೆ, ಕುಣಿಯುತ್ತಿದ್ದಾರೆ, ಸಿಂಗರಿಸಿಕೊಳ್ಳುತ್ತಿದ್ದಾರೆ. ಅವರನ್ನು ಕಂಡರಿಸಿದ ಕೆಲವು ರೂವಾರಿಗಳ ಹೆಸರುಗಳೂ ಪೀಠಗಳಲ್ಲಿ ಉಳಿದಿವೆ. ಆದರೆ ತನ್ನ ಒಡಲಿನ ವಿಷಯದಲ್ಲಿ ಅಂದಿನ ಹೆಣ್ಣು ತಾನೇ ಏನನ್ನಾದರೂ ನಿರ್ಧರಿಸುತ್ತಿದ್ದಳೇ ಎಂಬ ಪ್ರಶ್ನೆಗೆ ಶಿಲ್ಪದಲ್ಲಿ ಉತ್ತರ ದೊರೆಯದು. ಅದಕ್ಕೆ ಶಾಸನಗಳನ್ನು ಓದಬೇಕು.

ಹಳೇಬೀಡಿನ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವನು ತನ್ನ ತಂದೆ, ಮಹಾಪ್ರಧಾನ ಗಂಗರಾಜನ ನೆನಪಿಗೆ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನನ್ನು ತಲುಪಿದ ವೇಳೆಗೆ ಆತನಿಗೆ ಯುದ್ಧದಲ್ಲಿ ಜಯವೂ ಪುತ್ರಲಾಭವೂ ಒದಗಿದ್ದವು. ಆದ್ದರಿಂದ ಆತ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಇಲ್ಲಿ ಹೆರಿಗೆಯು ಅರಸನ ಪಾಲಿನ ಶುಭವಾರ್ತೆಯಾಗಿ ದಾಖಲಾಗಿದೆ. ಹೆತ್ತವಳ ಸಂಕಟ ಶಾಸನದ ವಸ್ತುವಲ್ಲ. ಹೆಣ್ಣಿನ ಒಡಲು ವಂಶದ ಲೆಕ್ಕಕ್ಕೆ ಸೇರಿದುದೆಂಬ ಭಾವ ಆ ಕಾಲದ ರಾಜಶಾಸನಗಳಲ್ಲಿ ಸಾಮಾನ್ಯವಾದುದು.

ಅದೇ ಗಂಗರಾಜನ ಮನೆತನದ ಹೆಂಗಸರನ್ನು ಕುರಿತ ಬೇರೊಂದು ಬಗೆಯ ಶಾಸನಗಳು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿವೆ. ಆತನ ತಾಯಿ ಪೋಚಿಕಬ್ಬೆ, ಮಡದಿ ಲಕ್ಕಲೆ ಇಬ್ಬರೂ ಸಲ್ಲೇಖನದಿಂದ ದೇಹತ್ಯಾಗ ಮಾಡಿದವರು. ಇವರಿಗಿಂತಲೂ ನಮ್ಮ ಗಮನ ಸೆಳೆಯುವವಳು ಶಾಂತಲೆಯ ತಾಯಿ ಮಾಚಿಕಬ್ಬೆ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಗುರುಗಳ ಸನ್ನಿಧಿಯಲ್ಲಿ ಸನ್ಯಸನ ವ್ರತ ತೊಟ್ಟು, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಆಕೆಯ ಪತಿ ಮಾರಸಿಂಗಯ್ಯ ಶೈವನಾಗಿದ್ದನು. ಹೀಗಾಗಿ ಆಕೆ ಹಿಡಿದ ವ್ರತ ಪತಿಯ ಮತವನ್ನು ಅನುಸರಿಸಿದುದಲ್ಲ. ಶಾಸನದಲ್ಲಿ ಬರುವುದೂ ವ್ರತ ತೊಟ್ಟವಳು, ಪಂಚಪದಗಳನ್ನು ಜಪಿಸಿದವಳು ಆಕೆಯೇ ಎಂಬ ಮಾತು.

ಇಲ್ಲಿ ಎಚ್ಚರವೂ ಅಗತ್ಯ. ಇಂಥ ಶಾಸನಗಳು ಪ್ರಶಸ್ತಿಗಳು; ಬರೆಸಿದವರು ಉಳಿದ ಬಂಧುಗಳು. ಮಗಳನ್ನು ಕಳೆದುಕೊಂಡ ತಾಯಿಯ ದುಃಖಕ್ಕೂ ವ್ರತದ ದೃಢತೆಗೂ ನಡುವಿನ ಗೆರೆಯನ್ನು ನಾವು ಇಂದು ಎಳೆಯಲಾರೆವು. ಕಲ್ಲು ನಿಲ್ಲಿಸುವ ಶಕ್ತಿಯಿಲ್ಲದ ಮನೆಗಳ ಹೆಂಗಸರ ನಿರ್ಧಾರಗಳಿಗೆ ದಾಖಲೆಯೇ ಇಲ್ಲ. ಆದರೂ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಸಲ್ಲೇಖನಕ್ಕೆ ಹಾಕಿದ ಮಿತಿಗಳು ಸ್ಪಷ್ಟವಾಗಿವೆ: ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಮಾತ್ರ, ಧರ್ಮಕ್ಕಾಗಿ. ಗುರು ಪರೀಕ್ಷಿಸುವನು, ಧೈರ್ಯ ತುಂಬುವನು, ಬಳಿಯಲ್ಲಿರುವನು. ಆದರೆ ವ್ರತವನ್ನು ತೊಡುವುದು ವ್ರತಿಯೇ. ಪರರು ಹೇರಿದ ಉಪವಾಸಕ್ಕೆ ಜೈನಶಾಸ್ತ್ರದಲ್ಲಿ ವ್ರತವೆಂಬ ಹೆಸರಿಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರವನ್ನು ಆತ್ಮಹತ್ಯೆಯೆಂದು ಪರಿಗಣಿಸಿದಾಗ ದೇಶದ ಜೈನ ಸಮಾಜ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಅಂದು ನಾವು ಮುಂದಿಟ್ಟ ವಾದದ ತಿರುಳು ಇಷ್ಟೇ: ಒಡಲಿನ ವಿಷಯದಲ್ಲಿ ಆತ್ಮಸಾಕ್ಷಿಯ ನಿರ್ಧಾರವನ್ನು ರಾಜ್ಯವು ಅಪರಾಧವೆನ್ನಬಾರದು. ಇದೇ ವಾದವನ್ನು ಗರ್ಭಿಣಿಯೊಬ್ಬಳು ಮುಂದಿಟ್ಟರೆ ನಮ್ಮ ಉತ್ತರವೇನು?

ಎರಡೂ ಒಂದೇ ಅಲ್ಲವೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಸಲ್ಲೇಖನದಲ್ಲಿ ಇರುವುದು ವ್ರತಿಯ ಜೀವವೊಂದೇ. ಗರ್ಭದಲ್ಲಿ ಇನ್ನೊಂದು ಜೀವವಿದೆ. ಅಹಿಂಸಾಣುವ್ರತದ ದೃಷ್ಟಿಯಲ್ಲಿ ಗರ್ಭಪಾತ ಹಿಂಸೆಯೇ ಹೌದು. ಅದನ್ನು ಮರೆಮಾಚಿ ಮಾತಾಡುವುದು ಪ್ರಾಮಾಣಿಕವಲ್ಲ. ಆದರೆ ಹಿಂಸೆಯನ್ನು ತೂಗುವಾಗ ನಮ್ಮ ಪರಂಪರೆ ಸಂಕಲ್ಪವನ್ನೂ ತೂಗಿದೆ. ಇಮ್ಮಡಿ ಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಭವಭವಗಳ ದುಃಖಕ್ಕೆ ಕಾರಣವಾದದ್ದು ಸಂಕಲ್ಪ. ಆ ಬಲಿಗೆ ಯಶೋಧರ ಒಪ್ಪಿದ್ದು ತಾಯಿಯ ಒತ್ತಾಯಕ್ಕೆ ಮಣಿದು, ತನ್ನ ಅರಿವಿಗೆ ವಿರುದ್ಧವಾಗಿ. ಪರರ ನಂಬಿಕೆಗೆ ಮಣಿದು ಮಾಡಿದ ಕ್ರಿಯೆ ಯಾರನ್ನೂ ಉದ್ಧರಿಸದೆಂಬುದನ್ನು ಈ ಕಾವ್ಯದಷ್ಟು ಮನಮುಟ್ಟುವಂತೆ ಹೇಳಿದ ಕೃತಿಗಳು ವಿರಳ.

ಪರರ ನಂಬಿಕೆ ಕಾನೂನಾಗಿ ಹೆಣ್ಣಿನ ಒಡಲಿನ ಮೇಲೆ ಕುಳಿತಾಗ ಏನಾಗುವುದೆಂಬುದನ್ನು ಬೆಳಗಾವಿಯ ಕನ್ನಡ ಮನೆಯೊಂದು ಕಂಡಿದೆ. ಐರ್ಲೆಂಡಿನಲ್ಲಿ ದಂತವೈದ್ಯೆಯಾಗಿದ್ದ ಸವಿತಾ ಹಾಲಪ್ಪನವರ್ 17 ವಾರಗಳ ಗರ್ಭಿಣಿಯಾಗಿ 2012ರ ಅಕ್ಟೋಬರಿನಲ್ಲಿ ಗಾಲ್ವೆ ನಗರದ ಆಸ್ಪತ್ರೆ ಸೇರಿದರು. ಗರ್ಭ ಉಳಿಯದೆಂದು ತಿಳಿದ ಮೇಲೆ ಆಕೆ ಗರ್ಭಪಾತವನ್ನು ಕೇಳಿದರು. ಭ್ರೂಣದ ಹೃದಯಬಡಿತ ಇನ್ನೂ ಇದೆಯೆಂಬ ಕಾರಣಕ್ಕೆ ಅದನ್ನು ನಿರಾಕರಿಸಲಾಯಿತು. ನಂಜು ಏರಿ ಆಕೆ ಅಕ್ಟೋಬರ್ 28ರಂದು ತೀರಿಕೊಂಡರು. ಆಗ ಅವರಿಗೆ 31 ವರ್ಷ. ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಕೊಟ್ಟಿದ್ದ 1983ರ ಸಂವಿಧಾನ ತಿದ್ದುಪಡಿಯನ್ನು ಆ ದೇಶದ ಜನ 2018ರ ಮೇ 25ರ ಜನಮತಗಣನೆಯಲ್ಲಿ ಶೇಕಡಾ 66ರ ಬಹುಮತದಿಂದ ತೆಗೆದುಹಾಕಿದರು. ಇಲ್ಲಿ ಉಳಿಸಬಹುದಾದ ಎರಡನೆಯ ಜೀವವಿರಲಿಲ್ಲ. ಉಳಿಸಬಹುದಾಗಿದ್ದ ಒಂದನ್ನು ಉಳಿಸಲಿಲ್ಲ. ಇದನ್ನು ಅಹಿಂಸೆಯೆಂದು ಯಾವ ಶ್ರಾವಕನೂ ಕರೆಯಲಾರನು.

ನಮ್ಮ ದೇಶದ ಕಾನೂನು ಬೇರೆ ದಾರಿ ಹಿಡಿದಿದೆ. 1860ರ ದಂಡಸಂಹಿತೆ ಗರ್ಭಪಾತವನ್ನು ಅಪರಾಧವಾಗಿಸಿತ್ತು. 1971ರ ಕಾಯಿದೆ ಅದಕ್ಕೆ ವಿನಾಯಿತಿಗಳನ್ನು ತಂದಿತು. ಹದಿನೆಂಟು ತುಂಬಿದ ಹೆಣ್ಣಿನ ವಿಷಯದಲ್ಲಿ ಆಕೆಯೊಬ್ಬಳ ಸಮ್ಮತಿ ಸಾಕು. ಗಂಡನ ಸಮ್ಮತಿಯನ್ನು ಕಾಯಿದೆ ಕೇಳುವುದಿಲ್ಲ. ಆದರೆ ವೈದ್ಯರ ಅಭಿಪ್ರಾಯವಿಲ್ಲದೆ ಆಕೆಯ ಇಚ್ಛೆಯೊಂದೇ ಸಾಲದು. 2021ರ ತಿದ್ದುಪಡಿ ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು 24 ವಾರಗಳಿಗೆ ವಿಸ್ತರಿಸಿತು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅವಿವಾಹಿತೆಯರನ್ನೂ ಇದರಲ್ಲಿ ಸೇರಿಸಿತು. ಇದಕ್ಕೆ ತಳಹದಿ ಹಾಕಿದ್ದು ಖಾಸಗಿತನವನ್ನು ಮೂಲಭೂತ ಹಕ್ಕೆಂದ 2017ರ ತೀರ್ಪು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಈ ಹಕ್ಕನ್ನೇ ತಿರುಚಿ ಹೆಣ್ಣುಭ್ರೂಣವನ್ನು ತೆಗೆಸುವ ಮನೆಗಳಿವೆ; 1994ರ ಲಿಂಗಪತ್ತೆ ನಿಷೇಧ ಕಾಯಿದೆ ಬಂದದ್ದೇ ಅದಕ್ಕಾಗಿ. ಆದರೆ ಅಂಥಲ್ಲಿ ಬಹುಪಾಲು ನಿರ್ಧರಿಸುವವರು ಅತ್ತೆ, ಮಾವ, ಗಂಡ. ಬಸಿರನ್ನು ಬಲವಂತವಾಗಿ ಉಳಿಸುವುದೂ ಬಲವಂತವಾಗಿ ತೆಗೆಸುವುದೂ ಹೆಣ್ಣಿನ ಒಡಲನ್ನು ವಂಶದ ಲೆಕ್ಕಕ್ಕೆ ಸೇರಿಸುವ ಹಳೆಯ ರೂಢಿಯವೇ.

ಗರ್ಭಪಾತ ಸಲ್ಲದೆಂದು ನಂಬುವ ಶ್ರಾವಕಿ ಅದನ್ನು ತನ್ನ ವ್ರತವಾಗಿ ಪಾಲಿಸಬಹುದು, ಇತರರಿಗೆ ಬೋಧಿಸಲೂಬಹುದು. ಅದನ್ನು ಇನ್ನೊಬ್ಬಳ ಮೇಲೆ ದಂಡವಾಗಿ ವಿಧಿಸಲು ನಮ್ಮ ಶಾಸ್ತ್ರದ ಆಧಾರ ಸಿಗದು. ಚಿಕ್ಕಬೆಟ್ಟದ ಕಲ್ಲಿನಲ್ಲಿ ಮಾಚಿಕಬ್ಬೆಯ ಗುರುಗಳು ನಿಂತಿರುವ ಸ್ಥಾನವನ್ನು ಸಂಶೋಧಕರು ಮತ್ತೊಮ್ಮೆ ಗಮನಿಸಬೇಕು. ಅವರು ಬಲ್ಲವರು, ಹಿರಿಯರು, ಕಡೆಯ ತನಕ ಬಳಿಯಲ್ಲಿದ್ದವರು. ವ್ರತ ಮಾತ್ರ ಆಕೆಯದು. ಇಂದಿನ ವೈದ್ಯರಿಗೂ ಬಂಧುಗಳಿಗೂ ಸಲ್ಲುವ ಸ್ಥಾನ ಅದೇ.