ನಿರುದ್ಯೋಗದ ಅಂಕಿಗಳು: ಒಂದು ವಿಮರ್ಶೆ

ನಮ್ಮ ಪಂಚವಾರ್ಷಿಕ ಯೋಜನೆಗಳ ಇತಿಹಾಸವನ್ನು ಬರೆಯುವವರು ನಿರುದ್ಯೋಗದ ಅಂಕಿಗಳನ್ನು ಸಿದ್ಧ ಸಾಕ್ಷ್ಯವೆಂದು ಸ್ವೀಕರಿಸುವುದು ವಾಡಿಕೆ. ಆ ಅಂಕಿಗಳಿಗೂ ಒಂದು ಇತಿಹಾಸವಿದೆಯೆಂಬುದನ್ನು ನಾವಿಲ್ಲಿ ತೋರಿಸಬಯಸುತ್ತೇವೆ.

1956ರಲ್ಲಿ ಆರಂಭವಾದ ಎರಡನೆಯ ಯೋಜನೆಯು ದೇಶದ ನಿರುದ್ಯೋಗಿಗಳನ್ನು 53 ಲಕ್ಷವೆಂದು ಎಣಿಸಿತು. ಐದು ವರ್ಷಗಳಲ್ಲಿ ಕೆಲಸವನ್ನರಸಿ ಹೊಸದಾಗಿ ಬರುವವರು ಒಂದು ಕೋಟಿಯೆಂದು ಊಹಿಸಿ, ವ್ಯವಸಾಯೇತರ ಕ್ಷೇತ್ರಗಳಲ್ಲಿ ಸುಮಾರು 80 ಲಕ್ಷ ಉದ್ಯೋಗಗಳ ಗುರಿಯನ್ನಿರಿಸಿಕೊಂಡಿತು. 1961ರಲ್ಲಿ ಮೂರನೆಯ ಯೋಜನೆ ಮೊದಲಾಗುವ ವೇಳೆಗೆ ನಿರುದ್ಯೋಗಿಗಳ ಸಂಖ್ಯೆ 90 ಲಕ್ಷವೆಂದು ಯೋಜನಾ ಆಯೋಗವೇ ಒಪ್ಪಿಕೊಂಡಿತು. ಕೊರತೆಯಾದದ್ದು ಉದ್ಯೋಗಸೃಷ್ಟಿಯಲ್ಲೊ, ಮೊದಲ ಎಣಿಕೆಯಲ್ಲೊ? ಈ ಅಂಕಿಗಳಷ್ಟರಿಂದಲೇ ಅದನ್ನು ನಿರ್ಣಯಿಸಲಾಗದು.

ಬಿತ್ತನೆ, ಕೊಯ್ಲುಗಳ ಕಾಲದಲ್ಲಿ ಮಾತ್ರ ತನ್ನ ತುಂಡು ಹೊಲದಲ್ಲಿ ದುಡಿಯುವ ರೈತನು ಉದ್ಯೋಗಿಯೊ, ನಿರುದ್ಯೋಗಿಯೊ? ಮನೆಯ ಮಗ್ಗಕ್ಕೆ ನೂಲು ಸುತ್ತಿಕೊಡುವ ಗೃಹಿಣಿಯನ್ನು ಯಾವ ಪಟ್ಟಿಗೆ ಸೇರಿಸಬೇಕು? ಕಾರ್ಖಾನೆಯ ಕೂಲಿಗಾರನಿಗೆ ಹೊಂದುವ ಅಳತೆಗೋಲು ಇಂಥವರ ಬಾಳನ್ನು ಅಳೆಯಲಾರದು. 1968ರಲ್ಲಿ ನೇಮಕವಾದ ದಾಂತವಾಲಾ ಸಮಿತಿಯು 1970ರ ತನ್ನ ವರದಿಯಲ್ಲಿ, ಎಲ್ಲರನ್ನೂ ಒಂದೇ ಮೊತ್ತದಲ್ಲಿ ಕೂಡಿಸುವ ಲೆಕ್ಕವು ಅರ್ಥವತ್ತಾದುದಲ್ಲವೆಂದು ಅಭಿಪ್ರಾಯಪಟ್ಟಿತು. ತರುವಾಯ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯು ವರ್ಷ, ವಾರ, ದಿನಗಳ ಆಧಾರದಿಂದ ಮೂರು ಬಗೆಯ ಎಣಿಕೆಯನ್ನು ಕೈಗೊಂಡಿತು. ಒಬ್ಬನೇ ವ್ಯಕ್ತಿ ಒಂದು ಎಣಿಕೆಯಲ್ಲಿ ಉದ್ಯೋಗಿಯಾಗಿಯೂ ಮತ್ತೊಂದರಲ್ಲಿ ನಿರುದ್ಯೋಗಿಯಾಗಿಯೂ ಕಾಣಿಸಿಕೊಳ್ಳುವುದು ಸಾಧ್ಯವಾಯಿತು.

ಹಾಗೆಂದು ಅಂಕಿಗಳನ್ನೇ ತಳ್ಳಿಹಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಎಣಿಕೆಯಿಲ್ಲದಿದ್ದರೆ ಸರ್ಕಾರದ ಭರವಸೆಯನ್ನು ಒರೆಗೆ ಹಚ್ಚಲು ಸಾಧನವೇ ಉಳಿಯದು. ಆದುದರಿಂದ, ಇಷ್ಟು ಲಕ್ಷ ಉದ್ಯೋಗಗಳು ಬರಲಿವೆಯೆಂಬ ಮಾತನ್ನು ಕೇಳಿದಾಗ, ಎಷ್ಟು ದಿನ ದುಡಿದವನನ್ನು ಉದ್ಯೋಗಿಯೆಂದು ಎಣಿಸಲಾಗಿದೆಯೆಂದು ಮೊದಲು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವಾಗಿದೆ.